ಮನೆಯ ಒಳಚರಂಡಿ ಕೊಳವೆಯ ಬಾಳಿಕೆ

ಮನೆಯ ಒಳಚರಂಡಿ ಕೊಳವೆ ಎಂದರೆ ಶೌಚಾಲಯ, ಬಚ್ಚಲುಮನೆ, ಅಡುಗೆಮನೆಗಳ ಕೊಳೆನೀರನ್ನು ನೆಲದಡಿಯಲ್ಲಿ ಸಾಗಿಸಿ ಬೀದಿಯ ಯುಜಿಡಿ (ಭೂಗತ ಒಳಚರಂಡಿ) ಸಾಲಿಗೆ ಸೇರಿಸುವ ಕೊಳವೆ. ಯುಜಿಡಿ ಇಲ್ಲದ ಊರಿನಲ್ಲಿ ಅದು ಸೆಪ್ಟಿಕ್ ಟ್ಯಾಂಕಿನಲ್ಲೋ ಪಿಟ್ ಗುಂಡಿಯಲ್ಲೋ ಕೊನೆಗೊಳ್ಳುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ಅಂಗುಲ ಅಗಲದ ಈ ಕೊಳವೆ ಮನೆ ಕಟ್ಟುವಾಗ ಒಮ್ಮೆ ಕಣ್ಣಿಗೆ ಬೀಳುತ್ತದೆ; ಮಣ್ಣು ಮುಚ್ಚಿದ ಮೇಲೆ ಅದರ ನೆನಪಾಗುವುದು ಕಟ್ಟಿಕೊಂಡಾಗ ಮಾತ್ರ. ಇದು ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದರೆ ಸಾಮಾನು ಸಾಮಾನಿಗೆ ಒಂದೊಂದು ಅಂಕಿ ಹೇಳುವುದು ರೂಢಿ: ಸುಟ್ಟ ಜೇಡಿಮಣ್ಣಿನ ಸ್ಟೋನ್‌ವೇರ್ ಪೈಪಿಗೆ 100 ವರ್ಷ, ಬೀಡುಕಬ್ಬಿಣಕ್ಕೆ 50ರಿಂದ 75, ಕಾಂಕ್ರೀಟಿಗೆ 50ರಿಂದ 100, ಪಿವಿಸಿಗೆ ಮತ್ತೆ 100. ಈ ಅಂಕಿಗಳು ಪೂರಾ ಸುಳ್ಳಲ್ಲ. ಆದರೆ ಅವು ಹೇಳುವುದು ಸಾಮಾನಿನ ಆಯಸ್ಸನ್ನು, ಸಾಲಿನ ಆಯಸ್ಸನ್ನಲ್ಲ. ಹೂತ ಕೊಳವೆ ಎಷ್ಟು ಕಾಲ ಬಾಳುತ್ತದೆ ಎಂಬುದು ಅದರ ಕೂಡಿಕೆ, ಅದು ಕೂತ ಹಾಸು, ಅದಕ್ಕೆ ಕೊಟ್ಟ ವಾಟ, ಅದರೊಳಗೆ ಹರಿಯುವ ನೀರು ಈ ನಾಲ್ಕರ ಮೇಲೆ ನಿಂತಿದೆ. ಸಾಮಾನು ಯಾವುದು ಎಂಬ ಮಾತು ಇವುಗಳ ನಂತರ ಬರುತ್ತದೆ.

ಈ ಪ್ರಶ್ನೆಯನ್ನು ಶಿವನಸಮುದ್ರದ ಕಡೆಯಿಂದ ನೋಡುವುದಕ್ಕೆ ಕಾರಣವಿದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿ ಹೆಸರಾದ ಈ ಜಾಗ ಇಂದು ಬೆಂಗಳೂರಿನ ಕುಡಿಯುವ ನೀರಿನ ಮೂಲವೂ ಹೌದು. ಶಿವ ಅಣೆಕಟ್ಟೆಯಲ್ಲಿ ತಿರುಗಿಸಿದ ಕಾವೇರಿ ನೆಟ್ಕಲ್ ಜಲಾಶಯದ ಮೂಲಕ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಬಂದು, ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಯ ಪಂಪುಮನೆಗಳನ್ನು ದಾಟಿ, ಸುಮಾರು 100 ಕಿ.ಮೀ. ದೂರ ಮತ್ತು ಸುಮಾರು 500 ಮೀಟರ್ ಎತ್ತರ ಏರಿ ನಗರ ಮುಟ್ಟುತ್ತದೆ. ಮೊದಲ ಹಂತದ ನೀರು ಬಂದದ್ದು 1974ರಲ್ಲಿ. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಮನೆಗೆ ಬಂದ ನೀರಿನಲ್ಲಿ ಶೇ. 80ರಷ್ಟು ಕೊಳೆನೀರಾಗಿ ಹೊರಬೀಳುತ್ತದೆ ಎಂಬುದು ನಮ್ಮ ಎಂಜಿನಿಯರುಗಳು ವಿನ್ಯಾಸಕ್ಕೆ ಹಿಡಿಯುವ ಲೆಕ್ಕ. ಹಾಗಾದರೆ ಆ ಒಂದು ಹಂತದಿಂದಲೇ ದಿನಕ್ಕೆ 62 ಕೋಟಿ ಲೀಟರ್ ನೀರಿಗೆ ನೆಲದಡಿಯಲ್ಲಿ ಹಿಂತಿರುಗುವ ದಾರಿ ಬೇಕು. ಅದರಲ್ಲಿ ಒಂದು ಪಾಲು ವೃಷಭಾವತಿಗೆ ಸೇರಿ, ಅರ್ಕಾವತಿಯಾಗಿ, ಕನಕಪುರದಾಚೆಯ ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಕೂಡುತ್ತದೆ. ಮದ್ದೂರಿನ ಪಕ್ಕದಲ್ಲಿ ಹರಿಯುವ ಶಿಂಷಾ ಕಾವೇರಿಗೆ ಸೇರುವುದೂ ಶಿವನಸಮುದ್ರದ ಜಲಪಾತದ ಕೆಳಗೆ. ಮೈಸೂರು, ಶ್ರೀರಂಗಪಟ್ಟಣ, ತಿರುಮಕೂಡಲು ನರಸೀಪುರಗಳು ಇರುವುದು ಮೇಲೆ. ಅಲ್ಲಿನ ಕೊಳವೆ ಸೋರಿದರೆ ಆ ಸೋರಿಕೆ ಶಿವ ಅಣೆಕಟ್ಟೆಗೆ ಬರುವ ನೀರಿನ ಜಾಡಿನಲ್ಲೇ ಇರುತ್ತದೆ. ಒಂದು ಮನೆಯ ಅಂಗಳದಡಿಯ ಆರು ಅಂಗುಲದ ಪೈಪು ಇಡೀ ನದಿಯ ಲೆಕ್ಕಕ್ಕೆ ಸೇರುವುದು ಹೀಗೆ.

ಸುಟ್ಟ ಮಣ್ಣಿನಷ್ಟು ಹಳೆಯ ಚರಂಡಿ ಸಾಮಾನು ಬೇರೊಂದಿಲ್ಲ. ಹರಪ್ಪ ನಾಗರಿಕತೆಯ ಊರುಗಳಲ್ಲಿ ಸಿಕ್ಕಿರುವ ಮಣ್ಣಿನ ಕೊಳವೆಗಳಿಗೆ 4,000 ವರ್ಷ ದಾಟಿದೆ. ಜೇಡಿಮಣ್ಣಿನ ಕೊಳವೆಯನ್ನು ಸುಮಾರು 1,200 ಡಿಗ್ರಿಯ ಗೂಡಿನಲ್ಲಿ ಬೇಯಿಸುತ್ತ ಅಡುಗೆ ಉಪ್ಪು ಎರಚಿದರೆ, ಅದರ ಆವಿ ಮಣ್ಣಿನ ಮರಳಿನಂಶದೊಡನೆ ಬೆರೆತು ಗಾಜಿನಂಥ ಹೊಳಪು ಕೂರುತ್ತದೆ. ಇದೇ ಸ್ಟೋನ್‌ವೇರ್. ಆಮ್ಲ, ಉಪ್ಪು, ಸಾಬೂನು ಯಾವುದೂ ಅದನ್ನು ತಿನ್ನಲಾರವು. 1846ರಲ್ಲಿ ಲಂಡನ್ನಿನ ಡೌಲ್ಟನ್ ಕಾರ್ಖಾನೆ ಇಂಥ ಕೊಳವೆಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಇವು ಜಗತ್ತಿನ ನಗರಗಳಿಗೆಲ್ಲ ಹರಡಿದವು. ಬೆಂಗಳೂರಿನಲ್ಲಿ ಒಳಚರಂಡಿ ಕೆಲಸ ಶುರುವಾದದ್ದು 1922ರಲ್ಲಿ, ನಗರದ ನಡುಭಾಗದಲ್ಲಿ. 1950ರಿಂದ ಅದನ್ನು ಊರಿಗೆಲ್ಲ ಹಬ್ಬಿಸುವ ಕಾರ್ಯಕ್ರಮ ನಡೆಯಿತು. ಸಣ್ಣ ಸಾಲುಗಳಿಗೆ ಸ್ಟೋನ್‌ವೇರ್, ದೊಡ್ಡವಕ್ಕೆ ಕಾಂಕ್ರೀಟಿನ ಹ್ಯೂಮ್ ಪೈಪು ಎಂಬುದು ಅಂದಿನ ಪದ್ಧತಿ. ಅಚ್ಚನ್ನು ಗಿರಗಿರನೆ ತಿರುಗಿಸಿ ಕಾಂಕ್ರೀಟನ್ನು ಅಂಚಿಗೆ ಒತ್ತಿ ಗಟ್ಟಿಮಾಡುವ ಈ ವಿಧಾನವನ್ನು 1910ರಲ್ಲಿ ಕಂಡುಹಿಡಿದವನು ಆಸ್ಟ್ರೇಲಿಯಾದ ವಾಲ್ಟರ್ ಹ್ಯೂಮ್. ಅವನ ಹೆಸರು ನಮ್ಮ ಮೇಸ್ತ್ರಿಗಳ ಬಾಯಲ್ಲಿ ಇಂದಿಗೂ ಪೈಪಿನ ಹೆಸರಾಗಿ ಉಳಿದಿದೆ. ಮನೆಯ ಮಟ್ಟದಲ್ಲಿ ಈಗ ಎಲ್ಲೆಲ್ಲೂ ಪಿವಿಸಿ.

ಕೂಡಿಕೆಯ ವಿಷಯ ಸಣ್ಣ ಲೆಕ್ಕವೊಂದರಿಂದ ತಿಳಿಯುತ್ತದೆ. ಸ್ಟೋನ್‌ವೇರ್ ಪೈಪಿನ ವಾಡಿಕೆಯ ಉದ್ದ 60 ಸೆಂ.ಮೀ. ಹಿತ್ತಿಲಿನ ಶೌಚಾಲಯದಿಂದ ಬೀದಿಯವರೆಗೆ 30 ಮೀಟರ್ ಸಾಲು ಹಾಕಿದರೆ 50 ತುಂಡು ಬೇಕು. ಅಂದರೆ ಸುಮಾರು 50 ಕೂಡಿಕೆ. ಆರು ಮೀಟರಿನ ಪಿವಿಸಿ ಪೈಪಾದರೆ ಐದು ತುಂಡು ಸಾಕು. ನೂರು ವರ್ಷ ಬಾಳುವ ಮಣ್ಣಿನ ಪೈಪುಗಳ ನಡುವೆ ಸೆಣಬಿನ ಹುರಿ ತುರುಕಿ ಸಿಮೆಂಟು ಗಾರೆ ಮೆತ್ತಿದ ಕೂಡಿಕೆ ಕೂತಿರುತ್ತದೆ. ಗಾರೆ ಗಟ್ಟಿ, ಆದರೆ ಬಾಗದು. ನೆಲ ಒಂದು ನೂಲು ಕುಸಿದರೂ ಅದು ಸೀಳು ಬಿಡುತ್ತದೆ. ಆ ಸೀಳಿನಿಂದ ತೇವ ಹೊರಬರುತ್ತದೆ. ತೇವ ಇದ್ದ ಕಡೆಗೆ ಬೇರು ಹೊರಡುತ್ತದೆ. ಅರಳಿ, ಆಲ, ಅತ್ತಿಯಂಥ ಮರಗಳ ಕೂದಲೆಳೆಯಂಥ ಬೇರು ಒಳಗೆ ನುಸುಳಿ, ಅಲ್ಲಿ ಸಿಗುವ ಗೊಬ್ಬರದ ನೀರಿನಲ್ಲಿ ಕೊಬ್ಬಿ, ಪೊರಕೆಯಂತೆ ಹರಡಿ ಪೈಪನ್ನೇ ಮುಚ್ಚುತ್ತದೆ. ಅಗೆದು ತೆಗೆದಾಗ ಎಷ್ಟೋ ಸಲ ಪೈಪಿನ ಮೈ ಹೊಸದರಂತೆ ಹೊಳೆಯುತ್ತಿರುತ್ತದೆ, ಸತ್ತಿರುವುದು ಕೂಡಿಕೆ ಮಾತ್ರ. ಪೈಪು ನೂರು ವರ್ಷದ್ದೆಂದು ಹೇಳಿ ಅದರ ನಡುವಿನ ಐವತ್ತು ದುರ್ಬಲ ಜಾಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ಮಾತಿಗೆ ಅರ್ಥವಿಲ್ಲ. ರಬ್ಬರ್ ಉಂಗುರದ ಕೂಡಿಕೆ ಸ್ವಲ್ಪ ಬಾಗಿಕೊಡುವುದರಿಂದ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಪಿವಿಸಿಯನ್ನು ಸಾಲ್ವೆಂಟ್ ಹಚ್ಚಿ ಅಂಟಿಸುವಾಗಲೂ ಪೈಪಿನ ತುದಿ ಒರೆಸದೆ, ಧೂಳು, ಒದ್ದೆ ಇರುವಂತೆಯೇ ಕೂಡಿಸಿದರೆ ಅದೂ ಬಿಡುತ್ತದೆ.

ಹಾಸು ಮತ್ತು ಅಂತರ್ಜಲದ ಮಾತಿಗೆ ಮಂಡ್ಯ ಜಿಲ್ಲೆಯಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕನ್ನಂಬಾಡಿಯಿಂದ ಹೊರಟು ಹುಲಿಕೆರೆಯ ಸುರಂಗ ದಾಟಿ ಬರುವ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗದ್ದೆಗಳಿಗೆ ನೀರುಣಿಸುತ್ತದೆ. ನಾಲೆಯಲ್ಲಿ ನೀರಿದ್ದು ಭತ್ತ, ಕಬ್ಬು ನಿಂತಿರುವ ತಿಂಗಳುಗಳಲ್ಲಿ ತಗ್ಗಿನ ಊರುಗಳ ನೆಲದಡಿಯ ನೀರು ಮೇಲೇರುತ್ತದೆ, ನಾಲೆ ನಿಂತಾಗ ಇಳಿಯುತ್ತದೆ. ಕೊಳವೆಯ ಮಟ್ಟಕ್ಕಿಂತ ನೀರು ಮೇಲಿದ್ದಾಗ ಸೀಳಿದ ಕೂಡಿಕೆಯಿಂದ ಹೊರಗಿನ ನೀರು ಒಳಗೆ ನುಗ್ಗುತ್ತದೆ; ಬರುವಾಗ ಸುತ್ತಲಿನ ಮರಳು, ನುಣ್ಣನೆ ಮಣ್ಣನ್ನೂ ಹೊತ್ತು ತರುತ್ತದೆ. ಹೀಗೆ ವರ್ಷ ವರ್ಷವೂ ಕೊಳವೆಯ ಕೆಳಗೆ ಪೊಳ್ಳು ಬೆಳೆದು, ಒಂದು ದಿನ ಮೇಲಿನ ರಸ್ತೆ ಕುಸಿಯುತ್ತದೆ. ನೀರು ಇಳಿದಾಗ ಅದೇ ಸೀಳಿನಿಂದ ಕೊಳೆನೀರು ಹೊರಗೆ ಹೋಗಿ ಬಾವಿ, ಬೋರ್‌ವೆಲ್ಲುಗಳ ಕಡೆಗೆ ಇಳಿಯುತ್ತದೆ. ಎರೆಮಣ್ಣಿನ ಜಾಗದಲ್ಲಿ ಇನ್ನೊಂದು ಕಷ್ಟ ಸೇರುತ್ತದೆ: ಆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ, ಪ್ರತಿ ಸಲವೂ ಕೊಳವೆಯನ್ನು ಎತ್ತಿ ಇಳಿಸುತ್ತದೆ. ಮಣ್ಣು ಯಾವುದೇ ಇರಲಿ, ತೋಡಿದ ಕಾಲುವೆಯ ತಳದಲ್ಲಿ ಕಲ್ಲು ಆರಿಸಿ, ಮರಳಿನದೋ ಜಲ್ಲಿಯದೋ ಹಾಸು ಹಾಕಿ, ಕೊಳವೆಯ ಎರಡೂ ಮಗ್ಗುಲಿಗೆ ಮಣ್ಣು ದಮ್ಮಸು ಮಾಡಿದ ಸಾಲಿಗೂ, ಅಗೆದ ಕಲ್ಲುಮಣ್ಣನ್ನೇ ಗುದ್ದಲಿಯಿಂದ ಎಳೆದು ಮುಚ್ಚಿದ ಸಾಲಿಗೂ ಬಾಳಿಕೆಯಲ್ಲಿ ಹತ್ತಾರು ವರ್ಷಗಳ ಅಂತರ ಬೀಳುತ್ತದೆ. ಪೈಪು ಮಾತ್ರ ಎರಡೂ ಕಡೆ ಒಂದೇ.

ಹಾಗಿದ್ದರೆ ಸಾಮಾನಿಗೆ ಬೆಲೆಯೇ ಇಲ್ಲವೆ ಎಂದು ಯಾರಾದರೂ ಕೇಳಬಹುದು. ಇದೆ. ಅಮೆರಿಕದಲ್ಲಿ ಮರದ ನಾರಿನ ತಿರುಳಿಗೆ ಟಾರು ಕುಡಿಸಿ ಮಾಡುತ್ತಿದ್ದ ಆರೆಂಜ್‌ಬರ್ಗ್ ಎಂಬ ಕೊಳವೆಯನ್ನು ಎರಡನೆಯ ಮಹಾಯುದ್ಧದ ನಂತರ ಲಕ್ಷಾಂತರ ಮನೆಗಳಿಗೆ ಹಾಕಿದರು. ಅದು ಮಣ್ಣಿನ ಭಾರಕ್ಕೆ ಚಪ್ಪಟೆಯಾಗಿ, ಪದರು ಪದರಾಗಿ ಎದ್ದು, ಎಷ್ಟೋ ಕಡೆ 30 ವರ್ಷ ತುಂಬುವುದರೊಳಗೆ ಹಾಳಾಯಿತು. 1970ರ ದಶಕದ ಆರಂಭದಲ್ಲಿ ಅದರ ತಯಾರಿಕೆಯೇ ನಿಂತಿತು. ಕೆಟ್ಟ ಸಾಮಾನನ್ನು ಒಳ್ಳೆಯ ಕೆಲಸ ಉಳಿಸಲಾರದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಇದಕ್ಕಿಂತ ಬಲವಾದ ಆಕ್ಷೇಪವನ್ನು ಎತ್ತುವುದು ಕಾಂಕ್ರೀಟು. ಕೊಳೆನೀರು ನಿಧಾನವಾಗಿ ಹರಿದು ಕೊಳೆಯತೊಡಗಿದರೆ, ಕೊಳವೆಯ ಗೋಡೆಗೆ ಅಂಟಿದ ಲೋಳೆಯಲ್ಲಿರುವ ಬ್ಯಾಕ್ಟೀರಿಯಾ ಗಂಧಕದ ಲವಣಗಳಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿಸುತ್ತದೆ. ಕೊಳೆತ ಮೊಟ್ಟೆಯ ನಾತ ಅದರದೇ. ಅನಿಲ ಮೇಲೇರಿ ಕೊಳವೆಯ ನೆತ್ತಿಯ ತೇವದಲ್ಲಿ ಕರಗಿದಾಗ ಬೇರೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲವನ್ನಾಗಿ ಮಾಡುತ್ತದೆ. 1945ರಲ್ಲಿ ಮೆಲ್ಬರ್ನಿನ ಪಾರ್ಕರ್ ಎಂಬ ವಿಜ್ಞಾನಿ ಈ ಸೂಕ್ಷ್ಮಜೀವಿಯನ್ನು ಗುರುತಿಸುವವರೆಗೆ ನೀರು ಮುಟ್ಟದ ನೆತ್ತಿಯೇ ಮೊದಲು ಏಕೆ ಸವೆಯುತ್ತದೆ ಎಂಬುದು ಒಗಟಾಗಿತ್ತು. ಆಮ್ಲ ಸಿಮೆಂಟಿನ ಸುಣ್ಣವನ್ನು ತಿಂದು ಜಿಪ್ಸಂ ಮಾಡುತ್ತದೆ. ಕಾಂಕ್ರೀಟು ಹಿಟ್ಟಿನಂತೆ ಉದುರುತ್ತದೆ. ಸ್ಟೋನ್‌ವೇರಿಗೂ ಪಿವಿಸಿಗೂ ಈ ಭಯವಿಲ್ಲ. ಇಲ್ಲಿ ಸಾಮಾನೇ ತೀರ್ಪು ಕೊಟ್ಟಂತೆ ಕಾಣುತ್ತದೆ. ಆದರೆ ಅನಿಲ ಹುಟ್ಟಿದ್ದು ಏಕೆ ಎಂದು ಕೇಳಿದರೆ ಉತ್ತರ ಮತ್ತೆ ವಾಟಕ್ಕೇ ಬರುತ್ತದೆ: ನೀರು ನಿಂತದ್ದರಿಂದ. ಚೆನ್ನಾಗಿ ಹರಿಯುವ, ಗಾಳಿಯಾಡುವ ಸಾಲಿನಲ್ಲಿ ಅದೇ ಹ್ಯೂಮ್ ಪೈಪು ತಲೆಮಾರುಗಳ ಕಾಲ ನಿಲ್ಲುತ್ತದೆ.

ಲಂಡನ್ ಇಲ್ಲಿ ಎಚ್ಚರಿಕೆಯಿಂದ ಬಳಸಬೇಕಾದ ಉದಾಹರಣೆ. 1858ರ ಬೇಸಗೆಯ ಮಹಾದುರ್ನಾತದ ನಂತರ ಜೋಸೆಫ್ ಬ್ಯಾಜಲ್‌ಗೆಟ್ ಕಟ್ಟಿಸಿದ ಇಟ್ಟಿಗೆಯ ಒಳಚರಂಡಿ ಇಂದಿಗೂ ಕೆಲಸ ಮಾಡುತ್ತಿದೆ. ಹಾಗೆಂದು ಅಲ್ಲಿನ ಅಂಕಿಯನ್ನು ಇಲ್ಲಿಗೆ ಎತ್ತಿ ತರಲಾಗದು. ಸಲ್ಫೈಡ್ ಹುಟ್ಟುವ ವೇಗ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 7ರಂತೆ ಏರುತ್ತದೆ ಎಂಬುದು ಎಂಜಿನಿಯರುಗಳು ಒಪ್ಪಿದ ಲೆಕ್ಕ. ಕೊಳೆನೀರಿನ ಉಷ್ಣತೆ 20 ಡಿಗ್ರಿ ಇರುವ ಊರಿಗಿಂತ 27 ಡಿಗ್ರಿ ಇರುವ ಊರಿನಲ್ಲಿ ಅದು ಒಂದೂವರೆ ಪಟ್ಟಿಗೂ ಮೀರುತ್ತದೆ. ಚಳಿದೇಶಗಳ ಅನುಭವದಿಂದ ಬರೆದ ಬಾಳಿಕೆಯ ಪಟ್ಟಿಯನ್ನು ಕಾವೇರಿ ಬಯಲಿನ ಬಿಸಿಲಿಗೆ ಹಾಗೆಯೇ ಒಪ್ಪಿಸುವುದು ಸರಿಯಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕೊಳವೆ ತನ್ನನ್ನು ತಾನೇ ತೊಳೆದುಕೊಳ್ಳಬೇಕಾದರೆ ನೀರು ದಿನದಲ್ಲಿ ಒಮ್ಮೆಯಾದರೂ ಸೆಕೆಂಡಿಗೆ 0.6 ಮೀಟರ್ ವೇಗದಲ್ಲಿ ಓಡಬೇಕು ಎಂಬುದು ಕೇಂದ್ರ ಸರ್ಕಾರದ ಒಳಚರಂಡಿ ಕೈಪಿಡಿಯ ಸೂತ್ರ. ಮನೆಯ ಮಟ್ಟಕ್ಕೆ ಹಳೆಯ ಲೆಕ್ಕ ಸುಲಭ: ನಾಲ್ಕು ಅಂಗುಲದ ಪೈಪಿಗೆ 40 ಅಡಿಗೆ ಒಂದು ಅಡಿ, ಆರು ಅಂಗುಲದ್ದಕ್ಕೆ 60 ಅಡಿಗೆ ಒಂದು ಅಡಿ ವಾಟ. ವಾಟ ಸರಿಯಿದ್ದರೂ ನೀರೇ ಕಡಿಮೆಯಾದರೆ ಏನು ಗತಿ ಎಂಬುದು ನಮ್ಮ ಊರುಗಳ ನಿಜವಾದ ಪ್ರಶ್ನೆ. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಕೈಪಿಡಿಯ ಅಳತೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಮನೆಗೆ ಗೊತ್ತುಮಾಡಿದ್ದು 55 ಲೀಟರ್. ಅದರಲ್ಲೂ ಬಚ್ಚಲ ನೀರನ್ನು ತೆಂಗಿನ ಬುಡಕ್ಕೋ ಬಾಳೆಗೋ ಹರಿಸುವ ಪದ್ಧತಿ ಈ ಸೀಮೆಯಲ್ಲಿ ಹಿಂದಿನಿಂದ ಬಂದದ್ದು, ಒಳ್ಳೆಯ ಪದ್ಧತಿ. ಆದರೆ ಬಚ್ಚಲ ನೀರು ತೋಟಕ್ಕೆ ಹೋದ ಮೇಲೆ ಕೊಳವೆಗೆ ಉಳಿಯುವುದು ಶೌಚಾಲಯದ ಒಂದೆರಡು ಚೊಂಬು ನೀರು ಮಾತ್ರ. ಅಷ್ಟರಿಂದ ಉದ್ದನೆಯ ಯುಜಿಡಿ ಸಾಲು ಓಡದು. ಕೆಸರು ಕೂರುತ್ತದೆ, ಅನಿಲ ಏಳುತ್ತದೆ. ಹಾಗಾಗಿ ಸಣ್ಣ ಊರುಗಳಿಗೆ ಮೈಲಿಗಟ್ಟಲೆ ಕೊಳವೆ ಹೂಳುವ ಬದಲು, ಹತ್ತು ಹದಿನೈದು ಅಡಿಯ ಸಾಲು ಮತ್ತು ಸರದಿಯಲ್ಲಿ ಬಳಸುವ ಜೋಡಿ ಗುಂಡಿಯೇ ಹೆಚ್ಚು ಬಾಳುವ ವ್ಯವಸ್ಥೆ. ಅಡುಗೆಮನೆಯ ಜಿಡ್ಡನ್ನೂ ಇಲ್ಲಿ ಮರೆಯಬಾರದು. ಬಿಸಿಯಾಗಿ ಹರಿದ ಎಣ್ಣೆ ಕೊಳವೆಯಲ್ಲಿ ತಣ್ಣಗಾಗಿ, ನೀರಿನ ಸುಣ್ಣದೊಡನೆ ಕೂಡಿ ಸಾಬೂನಿನಂತೆ ಗಟ್ಟಿಯಾಗುತ್ತದೆ. ಮಂಡ್ಯ–ಮದ್ದೂರು ಹೆದ್ದಾರಿಯ ಹೋಟೆಲುಗಳಂತೆ ದಿನವೂ ಕರಿಯುವ ಕಡೆಗಳಲ್ಲಿ ಜಿಡ್ಡು ತಡೆಯುವ ತೊಟ್ಟಿ ಇಲ್ಲದಿದ್ದರೆ ಯಾವ ಸಾಮಾನಿನ ಕೊಳವೆಯೂ ಕಟ್ಟಿಕೊಳ್ಳುತ್ತದೆ.

ಪಿವಿಸಿ ಬಂದ ಮೇಲೆ ಈ ಚರ್ಚೆಯೇ ಮುಗಿಯಿತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ: ಅದು ತುಕ್ಕು ಹಿಡಿಯದು, ಆಮ್ಲಕ್ಕೆ ಜಗ್ಗದು, ಕೂಡಿಕೆ ಕಡಿಮೆ, ಒಳಮೈ ನುಣುಪು. 1930ರ ದಶಕದಲ್ಲಿ ಜರ್ಮನಿಯಲ್ಲಿ ಹೂತ ಮೊದಲ ಪಿವಿಸಿ ನೀರಿನ ಕೊಳವೆಗಳು ದಶಕಗಳ ಕಾಲ ಚೆನ್ನಾಗಿ ಕೆಲಸ ಮಾಡಿವೆ. ಆದರೂ ನೂರು ವರ್ಷವೆಂಬುದು ಪ್ರಯೋಗಶಾಲೆಯ ಒತ್ತಡ ಪರೀಕ್ಷೆಗಳಿಂದ ಮುಂದಕ್ಕೆ ಎಳೆದ ಅಂದಾಜು. ಇದಕ್ಕಿಂತ ಮುಖ್ಯವಾದ ಸಂಗತಿ, ಮಣ್ಣಿನ ಪೈಪು ತನ್ನ ಬಲದಿಂದ ಭಾರ ಹೊರುತ್ತದೆ. ಪ್ಲಾಸ್ಟಿಕ್ ಪೈಪು ಅಕ್ಕಪಕ್ಕದ ಮಣ್ಣಿನ ಆಸರೆಯಿಂದ ಹೊರುತ್ತದೆ. ಮಗ್ಗುಲಿಗೆ ದಮ್ಮಸು ಇಲ್ಲದಿದ್ದರೆ ಅದು ಮೊಟ್ಟೆಯಾಕಾರಕ್ಕೆ ತಿರುಗಿ, ನಡುವೆ ಜೋತು, ಅಲ್ಲೇ ನೀರು ನಿಲ್ಲುತ್ತದೆ. ಹೊಸ ಸಾಮಾನಿಗೆ ಹಾಸಿನ ಅಗತ್ಯ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಇನ್ನೊಂದು ತಪ್ಪು ಅಂಗಡಿಯಲ್ಲೇ ಆಗುತ್ತದೆ. ಕಟ್ಟಡದ ಒಳಗಿನ ಶೌಚಪೈಪಿಗೆ ಐಎಸ್ 13592, ನೆಲದಡಿಯ ಒಳಚರಂಡಿಗೆ ಐಎಸ್ 15328 ಎಂದು ಬೇರೆ ಬೇರೆ ಮಾನಕಗಳಿವೆ. ಗೋಡೆಗೆ ಕಟ್ಟುವ ತೆಳ್ಳನೆಯ ಪೈಪನ್ನೋ ಮಳೆನೀರಿನ ಪೈಪನ್ನೋ ಅಗ್ಗವೆಂದು ಕಾರು ನಿಲ್ಲಿಸುವ ಅಂಗಳದಡಿ ಹೂತರೆ ಅದು ಸೀಳುವುದು ಪ್ಲಾಸ್ಟಿಕ್ಕಿನ ದೋಷವಲ್ಲ.

ಉಳಿದ ಆಕ್ಷೇಪ ಇದು: ಕೊಳವೆಗಳನ್ನು ಬದಲಿಸುವುದು ಅವು ಹಳೆಯವಾದವೆಂದಲ್ಲ, ಚಿಕ್ಕವಾದವೆಂದು, ಆದ್ದರಿಂದ ಬಾಳಿಕೆಯ ಲೆಕ್ಕವೇ ವ್ಯರ್ಥ. ನಗರದ ಮುಖ್ಯ ಸಾಲುಗಳ ಮಟ್ಟಿಗೆ ಇದು ದೊಡ್ಡ ಸತ್ಯ. ಕೈಪಿಡಿ ಹೇಳುವ 30 ವರ್ಷದ ವಿನ್ಯಾಸ ಅವಧಿ ಕೊಳವೆಯ ಆಯಸ್ಸಲ್ಲ. 30 ವರ್ಷದ ನಂತರದ ಜನಸಂಖ್ಯೆಗೆ ಅದು ಸಾಲಬೇಕು ಎಂಬ ಅಂದಾಜು. 2007ರಲ್ಲಿ ಬೆಂಗಳೂರಿಗೆ 110 ಹಳ್ಳಿಗಳು ಸೇರಿದಂತೆ ಊರು ಏಕಾಏಕಿ ಬೆಳೆದಾಗ ಗಟ್ಟಿಮುಟ್ಟಾದ ಕೊಳವೆಯೂ ಸಾಲದಾಗುತ್ತದೆ. ಆದರೆ ಮನೆಯಿಂದ ಬೀದಿಗೆ ಹೋಗುವ ಸಾಲಿಗೆ ಈ ಮಾತು ಅನ್ವಯಿಸದು. ಆರು ಅಂಗುಲದ ಪೈಪು ಒಂದು ಕುಟುಂಬಕ್ಕೆ ಎಂದೂ ಚಿಕ್ಕದಾಗುವುದಿಲ್ಲ. ತಾರಸಿಯ ಮಳೆನೀರನ್ನು ಅದಕ್ಕೆ ಬಿಟ್ಟಾಗ ಮಾತ್ರ ಅದು ಸಾಲದಾಗುತ್ತದೆ. ಹಾಗೆ ಬಿಡುವುದನ್ನು ನಿಲ್ಲಿಸಿದರೆ ಸಾಕು.

ಬಾಳಿಕೆಯ ಪ್ರಶ್ನೆ ಹಣದ ಲೆಕ್ಕಕ್ಕೆ ಮುಗಿಯುವುದಿಲ್ಲ. ಕಟ್ಟಿಕೊಂಡ ಸಾಲನ್ನು ಬಿಡಿಸಲು ಇಳಿದ ಮನುಷ್ಯರನ್ನು ಕೊಂದಿರುವುದು ಮೇಲೆ ಹೇಳಿದ ಅದೇ ಅನಿಲ. ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದ ಆರಂಭದಲ್ಲಿ, ನಿಷೇಧ ಬಂತು. 2013ರ ಕೇಂದ್ರ ಕಾಯ್ದೆ ರಕ್ಷಣೆಯಿಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸಬಾರದೆಂದು ಸ್ಪಷ್ಟವಾಗಿ ಹೇಳಿತು. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್ 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂದದ್ದೇ ಸಾವು ನಿಂತಿಲ್ಲ ಎಂಬುದನ್ನು ಹೇಳುತ್ತದೆ. ವಾಟ ತಪ್ಪಿದ, ಹಾಸಿಲ್ಲದ, ಕೂಡಿಕೆ ಬಿಟ್ಟ ಕೊಳವೆ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಾಗಲೆಲ್ಲ ಒಬ್ಬ ಮನುಷ್ಯನನ್ನು ಆ ಗುಂಡಿಯ ಬಾಯಿಗೆ ಕರೆಯುತ್ತದೆ. ಹೂಳುವ ದಿನದ ಅರ್ಧ ಗಂಟೆಯ ಅಸಡ್ಡೆಗೆ ಬೇರೆ ಯಾರೋ ಪ್ರಾಣದಿಂದ ಬೆಲೆ ಕೊಡುವುದನ್ನು ಯಾವ ಊರೂ ಒಪ್ಪಬಾರದು.

ಹಳೆಯ ಸಾಲು ಹಾಳಾದರೆ ಅಗೆಯುವುದೊಂದೇ ದಾರಿ ಎಂದಲ್ಲ. ಸಣ್ಣ ಕ್ಯಾಮೆರಾ ಇಳಿಸಿ ದೋಷ ಎಲ್ಲಿದೆ ಎಂದು ನೋಡಬಹುದು. ರಾಳ ಕುಡಿಸಿದ ಬಟ್ಟೆಯ ಚೀಲವನ್ನು ಹಳೆಯ ಪೈಪಿನೊಳಗೆ ತೂರಿ, ಉಬ್ಬಿಸಿ, ಅಲ್ಲೇ ಗಟ್ಟಿಮಾಡುವ ವಿಧಾನವನ್ನು 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಮೊದಲು ಮಾಡಿ ತೋರಿಸಿದರು. ಪೈಪೊಳಗೆ ಪೈಪು ಹುಟ್ಟುವ ಈ ಕ್ರಮದಲ್ಲಿ ಹಳೆಯ ಕೂಡಿಕೆಗಳೆಲ್ಲ ಒಂದೇ ಸಲ ಮುಚ್ಚಿಹೋಗುತ್ತವೆ. ವಾಟ ತಪ್ಪಿದ್ದನ್ನು ಮಾತ್ರ ಅದೂ ಸರಿಪಡಿಸಲಾರದು.

ಆದ್ದರಿಂದ ಮನೆ ಕಟ್ಟಿಸುವವರು ಮಣ್ಣು ಮುಚ್ಚುವ ಮೊದಲು ಒಂದು ದಿನ ಆ ಕಾಲುವೆಯನ್ನು ತೆರೆದೇ ಇಡಲಿ. ಕೆಳಗಿನ ತುದಿ ಬಿಗಿದು ಕೊಳವೆಗೆ ನೀರು ತುಂಬಿ, ಮಟ್ಟ ಇಳಿಯುತ್ತದೆಯೇ, ಯಾವ ಕೂಡಿಕೆ ಬೆವರುತ್ತದೆ ಎಂದು ನೋಡಲಿ. ನೀರು ಬಿಟ್ಟ ಮೇಲೆ ಒಳವ್ಯಾಸಕ್ಕಿಂತ 13 ಮಿ.ಮೀ. ಚಿಕ್ಕದಾದ ಚೆಂಡೊಂದನ್ನು ಮೇಲಿನ ಚೇಂಬರಿನಿಂದ ಬಿಟ್ಟು, ಅದು ತಡೆಯಿಲ್ಲದೆ ಕೆಳಗಿನ ಚೇಂಬರಿಗೆ ಉರುಳಿ ಬರುವುದನ್ನು ಕಾಣಲಿ. ಕೊಳವೆ ಎಲ್ಲಿಂದ ಎಲ್ಲಿಗೆ, ಎಷ್ಟು ಆಳದಲ್ಲಿ, ಯಾವ ವಾಟದಲ್ಲಿ ಹೋಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಗೀಚಿ, ಹೂತ ತಾರೀಕು ಬರೆದು, ಮನೆಯ ಖಾತೆ ಪತ್ರಗಳ ಜೊತೆಗೆ ಇಟ್ಟುಕೊಳ್ಳಲಿ.